ಒಂಬತ್ತು ಮನೆಗಳ ಪುಟ

ಹಳೇಬೀಡಿಗೂ ಬೇಲೂರಿಗೂ ನಡುವೆ, ಮುಖ್ಯರಸ್ತೆಯಿಂದ ಸ್ವಲ್ಪ ಒಳಕ್ಕೆ, ನಮ್ಮ ಪೂರ್ವಿಕರ ಊರು. ಅಲ್ಲಿನ ಈಶ್ವರನ ಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ದೀಪೋತ್ಸವ ನಡೆಯುತ್ತದೆ. ಉತ್ಸವಮೂರ್ತಿ ಗುಡಿಯನ್ನು ಸುತ್ತಿ ಬಂದ ಮೇಲೆ ಅರ್ಚಕರು ಬಾಗಿಲಲ್ಲಿ ನಿಂತು ಸೇವೆಯ ಒಂಬತ್ತು ಮನೆಗಳನ್ನು ಒಂದೊಂದಾಗಿ ಕರೆದು ತಾಂಬೂಲ ಕೊಡುತ್ತಾರೆ. ಎರಡು ಎಲೆ, ಅಡಿಕೆ, ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು. ಕೊಡುವ ವಸ್ತುವಿನಲ್ಲಿ ಭೇದವಿಲ್ಲ. ಭೇದವಿರುವುದು ಕರೆಯುವ ಕ್ರಮದಲ್ಲಿ. ನೈವೇದ್ಯಕ್ಕೆ ಕಾಯಿ ಒದಗಿಸುವ ಪಟೇಲರ ಮನೆ ಮೊದಲು. ದೀಪಕ್ಕೆ ಎಣ್ಣೆ ಕೊಡುವ ಮನೆ, ಹೂ ಕಟ್ಟುವ ಮನೆ, ಪಲ್ಲಕ್ಕಿ ಹೊರುವ ಮನೆ ಇವೆಲ್ಲ ನಡುವೆ. ಕಡೆಯದಾಗಿ, ಒಂಬತ್ತನೆಯದಾಗಿ, ಪಂಜು ಹಿಡಿಯುವ ಮನೆ. ಈ ಕ್ರಮವನ್ನು ಯಾರು ವಿಧಿಸಿದರೆಂದು ತಿಳಿಯದು. ಯಾರೂ ಅದನ್ನು ಬರೆದಿಟ್ಟಿರಲಿಲ್ಲ. ಮೊದಲ ಬಾರಿಗೆ ಬರೆದವನು ನಾನು, ಬರೆದು ತಲೆಕೆಳಗು ಮಾಡಿದವನೂ ನಾನೇ.

ನಾನು ಬೇಲೂರಿನಲ್ಲಿ ಪ್ರೌಢಶಾಲೆಯ ಸಂಸ್ಕೃತ ಅಧ್ಯಾಪಕನಾಗಿದ್ದು ನಿವೃತ್ತನಾಗಿ ಅಲ್ಲಿಯೇ ಉಳಿದವನು. ದೀಪೋತ್ಸವದ ದಿನ ಗರ್ಭಗುಡಿಯ ಮುಂದಿನ ಅಂಕಣದಲ್ಲಿ ಕುಳಿತು ರುದ್ರ ಪಠಿಸುವುದು ನಮ್ಮ ಮನೆತನದ ಕೆಲಸ. ಅದಕ್ಕೆ ತಾಂಬೂಲದ ಪಟ್ಟಿಯಲ್ಲಿ ಸ್ಥಾನವಿಲ್ಲ. ತೀರ್ಥ ಮೊದಲು ಸಿಗುತ್ತದೆ, ಅಷ್ಟೇ. ಊರಿನವರು ಗುಡಿಯ ಜಾಲತಾಣಕ್ಕೆ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದು, ನನ್ನ ಕನ್ನಡ ಶುದ್ಧವಾಗಿದೆಯೆಂಬ ಒಂದೇ ಕಾರಣಕ್ಕೆ.

ಗುಡಿಗೆ ಮೊದಲೂ ಒಂದು ಜಾಲತಾಣವಿತ್ತು. ಅರಸೀಕೆರೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಒಬ್ಬರು ಮಾಡಿಕೊಟ್ಟಿದ್ದರು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಒಂದಕ್ಷರ ಬದಲಾಗಬೇಕಾದರೂ ಅವರೇ ಬದಲಾಯಿಸಬೇಕಿತ್ತು. ಧನುರ್ಮಾಸದಲ್ಲಿ ಬೆಳಗಿನ ಅಭಿಷೇಕ ಐದಕ್ಕೆ ನಡೆಯುತ್ತದೆ, ಉಳಿದ ಮಾಸಗಳಲ್ಲಿ ಏಳಕ್ಕೆ. ಐದೆಂದು ತಿದ್ದಿರೆಂದು ನಾನು ಫೋನು ಮಾಡಿದಾಗ ಅವರು ಮಾಘದ ಮದುವೆಗಳ ಪತ್ರಿಕೆಗಳಲ್ಲಿ ಮುಳುಗಿದ್ದರು. ಧನುರ್ಮಾಸದ ವೇಳೆ ಪ್ರಕಟವಾದದ್ದು ಮಾಘ ಬಂದ ಮೇಲೆ. ಆಮೇಲೆ ಅದನ್ನು ಮತ್ತೆ ಏಳಕ್ಕೆ ತರಲು ನಾನೇ ಬಸ್ಸಿನಲ್ಲಿ ಅರಸೀಕೆರೆಗೆ ಹೋದೆ. ಅವರು ಪುಟದ ಒಳಭಾಗವನ್ನು ತೆರೆದು ತೋರಿಸಿದರು. ನಾನು ಬರೆದಿದ್ದ ವಾಕ್ಯಗಳು ಬಾಣದ ತಲೆಯಂಥ ಚಿಹ್ನೆಗಳ ನಡುವೆ ಚೂರುಚೂರಾಗಿ ಹರಡಿದ್ದವು. ಬಣ್ಣ, ಅಳತೆ, ಅಕ್ಷರದ ದಪ್ಪ, ಎಲ್ಲವನ್ನೂ ನನ್ನ ಮಾತಿನ ಜೊತೆಗೇ ಹೆಣೆದುಬಿಟ್ಟಿದ್ದರು.

"ಒಂದು ಚಿಹ್ನೆ ಆಚೀಚೆ ಆದ್ರೂ ಪುಟ ಬಿದ್ದೋಗ್ತದೆ ಸ್ವಾಮಿ," ಎಂದರು. "ನೀವು ಮುಟ್ಟೋಕೆ ಹೋಗಬೇಡಿ."

ನಾನು ಮುಟ್ಟಲಿಲ್ಲ. ಇಂಥದ್ದು ಎರಡು ವರ್ಷ ನಡೆಯಿತು.

ಬೇಲೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಒಬ್ಬಾಕೆ ನನ್ನ ಹಳೆಯ ವಿದ್ಯಾರ್ಥಿನಿ. ಒಮ್ಮೆ ಚೆನ್ನಕೇಶವನ ಗುಡಿಯ ಪ್ರಾಕಾರದಲ್ಲಿ ಎದುರಾದಾಗ ನಾನು ಈ ಪ್ರಸಂಗವನ್ನು ಹೇಳಿದೆ. ಮುಂದಿನ ವಾರವೇ ಆಕೆ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದಳು.

"ನಿಮಗೆ ಬೇಕಾಗಿರೋದು ಹೊಸ ವೆಬ್‌ಸೈಟಲ್ಲ ಮೇಷ್ಟ್ರೇ, ನೀವೇ ಬರೆದು ನೀವೇ ತಿದ್ದೋ ವ್ಯವಸ್ಥೆ," ಎಂದಳು. "ಆಗ ರಾಮಶಬ್ದ ತಪ್ಪಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ರಿ, ನೆನಪಿದೆಯಾ. ಈಗ ಪಾಸ್‌ವರ್ಡ್ ಮರೆತ್ರೆ ನಾನು ನಿಲ್ಲಿಸ್ತೀನಿ."

ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬ ಹೆಸರನ್ನು ನಾನು ಕೇಳಿದ್ದು ಅಂದು. ವಿಷಯ ನಿರ್ವಹಣಾ ವ್ಯವಸ್ಥೆ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಆಕೆ ಹೇಳಿದ್ದರ ಸಾರ ಹೀಗೆ. ನಾವು ಬರೆದದ್ದೆಲ್ಲ ಒಂದು ಉಗ್ರಾಣದಲ್ಲಿ ಬಿಡಿಬಿಡಿಯಾಗಿ ಇರುತ್ತದೆ: ಶೀರ್ಷಿಕೆ ಒಂದು ಕಡೆ, ಬರಹ ಒಂದು ಕಡೆ, ಚಿತ್ರ ಒಂದು ಕಡೆ, ಬರೆದವರ ಹೆಸರು ಮತ್ತು ವೇಳೆ ಇನ್ನೊಂದು ಕಡೆ. ಹೇಗೆ ಕಾಣಬೇಕೆಂಬುದು ಬೇರೆಯೇ ಒಂದು ಅಚ್ಚಿನಲ್ಲಿ ಇರುತ್ತದೆ. ಯಾರಾದರೂ ಪುಟವನ್ನು ತೆರೆದ ಕ್ಷಣದಲ್ಲಿ ವ್ಯವಸ್ಥೆಯು ಉಗ್ರಾಣದಿಂದ ಬೇಕಾದದ್ದನ್ನು ತಂದು ಅಚ್ಚಿಗೆ ತುಂಬಿ ಕೊಡುತ್ತದೆ. ಅಂದರೆ ಪುಟವೆಂಬುದು ಎಲ್ಲಿಯೂ ಸಿದ್ಧವಾಗಿ ಇಟ್ಟದ್ದಲ್ಲ, ಕೇಳಿದಾಗ ಕೂಡಿಬರುವುದು. ಅಚ್ಚನ್ನು ಬದಲಾಯಿಸಿದರೆ ನೂರು ಪುಟಗಳ ರೂಪವೂ ಒಮ್ಮೆಗೇ ಬದಲಾಗುತ್ತದೆ, ಬರಹಕ್ಕೆ ಏನೂ ಆಗುವುದಿಲ್ಲ. ಅದೇ ಬರಹ ಫೋನಿನಲ್ಲಿ ಒಂದು ಅಳತೆಗೆ, ದೊಡ್ಡ ಪರದೆಯಲ್ಲಿ ಇನ್ನೊಂದು ಅಳತೆಗೆ ಕೂರುತ್ತದೆ.

ಇದು ನನಗೆ ತಡವಿಲ್ಲದೆ ಅರ್ಥವಾಯಿತು. ಮೂಲವಿಗ್ರಹಕ್ಕೆ ಸೋಮವಾರ ಬಿಲ್ವದ ಅಲಂಕಾರ, ಹುಣ್ಣಿಮೆಗೆ ಬೆಣ್ಣೆಯ ಅಲಂಕಾರ. ಅಲಂಕಾರ ಕಳಚಿದ ಮೇಲೂ ಸ್ವಾಮಿ ಇದ್ದಂತೆಯೇ ಇರುತ್ತಾನೆ. ಅರಸೀಕೆರೆಯಲ್ಲಿ ನಾನು ಕಂಡದ್ದು ಬೆಣ್ಣೆಯನ್ನು ಕಲ್ಲಿನೊಳಕ್ಕೇ ಕೆತ್ತಿದಂಥ ಕೆಲಸ.

ಕರಡು ಎಂಬ ಸ್ಥಿತಿ ನನಗೆ ವಿಶೇಷವಾಗಿ ಹಿಡಿಸಿತು. ಬರೆದದ್ದು ತಕ್ಷಣ ಹೊರಗೆ ಹೋಗಬೇಕಾಗಿಲ್ಲ. ಹತ್ತು ದಿನ ಒಳಗೇ ಇಟ್ಟು, ಮುನ್ನೋಟ ನೋಡಿ, ಮನಸ್ಸು ಒಪ್ಪಿದ ಮೇಲೆ ಪ್ರಕಟಿಸಬಹುದು. ಮುಂದಿನ ಧನುರ್ಮಾಸದ ವೇಳಾಪಟ್ಟಿಯನ್ನು ಆಶ್ವಯುಜದಲ್ಲೇ ಬರೆದು ಇಂಥ ದಿನ ಬೆಳಗ್ಗೆ ತಾನಾಗಿ ಕಾಣಿಸಿಕೊಳ್ಳಲಿ ಎಂದು ಆಜ್ಞಾಪಿಸಬಹುದು. ಗೋಪುರದ ಚಿತ್ರವನ್ನು ಒಮ್ಮೆ ಒಳಗಿಟ್ಟರೆ ಐದು ಪುಟಗಳಲ್ಲಿ ಬಳಸಬಹುದು. ಅಧಿಕಾರವೂ ಮೂರು ಬಗೆ: ಬರೆಯುವವರು, ಪರಿಶೀಲಿಸಿ ಪ್ರಕಟಿಸುವವರು, ಇಡೀ ವ್ಯವಸ್ಥೆಯನ್ನು ಕಾಯುವವರು. ನನಗೆ ನಡುವಿನ ಸ್ಥಾನ ಸಿಕ್ಕಿತು. ಕಾಯುವ ಕೆಲಸವನ್ನು ಆಕೆ ಇಟ್ಟುಕೊಂಡಳು. ವಾರಕ್ಕೊಮ್ಮೆ ಎಲ್ಲದರ ಒಂದು ಪ್ರತಿಯನ್ನು ಬೇರೆಡೆ ತೆಗೆದಿಡಬೇಕು, ಹೊಸ ತಿದ್ದುಪಡಿ ಬಂದಾಗ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಹೊರಗಿನವರು ಒಳನುಗ್ಗುತ್ತಾರೆ ಎಂದಳು. ಅದು ನನ್ನ ಶಕ್ತಿಗೆ ಮೀರಿದ್ದು.

ಗುಡಿಯ ಇತಿಹಾಸ, ಪೂಜಾಕ್ರಮ, ದಾರಿಯ ವಿವರ ಇವೆಲ್ಲ ಒಂದು ತಿಂಗಳಲ್ಲಿ ಮುಗಿದವು. ಕಡೆಗೆ ಒಂಬತ್ತು ಮನೆಗಳ ಸೇವೆಯನ್ನು ಬರೆಯಲು ಕುಳಿತೆ. ಪ್ರತಿ ಮನೆಗೂ ಒಂದು ಪುಟ, ಎಲ್ಲವನ್ನೂ ಒಟ್ಟಿಗೆ ತೋರಿಸುವ ಒಂದು ಪಟ್ಟಿ. ಸ್ನಾನ, ಸಂಧ್ಯಾವಂದನೆ ಮುಗಿಸಿ, ಮೊದಲು ಕಾಗದದ ಮೇಲೆ ಶ್ರೀಕಾರ ಹಾಕಿ ಬರೆದು, ಆಮೇಲೆ ಒಂದು ಬೆರಳಿನಿಂದ ಒತ್ತುತ್ತ, ದಿನಕ್ಕೆ ಮೂರು ಮನೆಯಂತೆ ಮೂರು ಬೆಳಗ್ಗೆ ಹಾಕಿದೆ. ಪಟೇಲರ ಮನೆಯಿಂದ ಪ್ರಾರಂಭಿಸಿ ಪಂಜಿನ ಮನೆಯಲ್ಲಿ ಮುಗಿಸಿದೆ. ತಾಂಬೂಲ ಕೊಡುವಾಗ ಹೇಗೆ ಕ್ರಮ ತಪ್ಪುವುದಿಲ್ಲವೋ ಬರೆಯುವಾಗಲೂ ತಪ್ಪಬಾರದೆಂಬುದು ನನ್ನ ನಿಷ್ಠೆ. ಒಂದೊಂದು ಪುಟವನ್ನೂ ಪ್ರಕಟಿಸಿದ ಮೇಲೆ ತೆರೆದು ಓದಿದೆ. ಪಟ್ಟಿಯನ್ನು ಮಾತ್ರ ತೆರೆಯಲಿಲ್ಲ. ಅದು ತಾನಾಗಿ ಕೂಡುತ್ತದೆಂದು ಆಕೆ ಹೇಳಿದ್ದಳಲ್ಲ.

ಒಂಬತ್ತನೆಯ ಪುಟದಲ್ಲಿ ನಾನು ಬರೆದದ್ದು ಎರಡೇ ವಾಕ್ಯ: "ಈ ಮನೆಯವರು ಉತ್ಸವಮೂರ್ತಿಯ ಮುಂದೆ ಪಂಜು ಹಿಡಿಯುತ್ತಿದ್ದರು. ವಿದ್ಯುದ್ದೀಪಗಳು ಬಂದ ಮೇಲೆ ಈ ಸೇವೆ ನಿಂತಿದೆ."

ಪಟ್ಟಿ ಹೊರಬಿದ್ದು ಮೂರು ದಿನವಾಗಿತ್ತು. ಸೋಮವಾರ ಮಧ್ಯಾಹ್ನ ಪಟೇಲರ ಮನೆಯ ಯಜಮಾನರು ಊರಿನಿಂದ ನಮ್ಮ ಮನೆಗೇ ಬಂದರು. ನನಗಿಂತ ಎರಡು ವರ್ಷ ಹಿರಿಯರು, ತೆಂಗಿನ ತೋಟದವರು, ಗುಡಿಯ ಸಮಿತಿಯ ಅಧ್ಯಕ್ಷರು.

"ಏನ್ ಮೇಷ್ಟ್ರೇ," ಎಂದರು ಜಗಲಿಯ ಮೇಲೆ ಕೂರುತ್ತ, "ಇಷ್ಟು ವರ್ಷ ನಮ್ಮ ತೋಟದ ಕಾಯಿ ಪ್ರಸಾದ ತಿಂದು, ಕೊನೆಗೆ ನಮ್ಮನ್ನೇ ಬಾಗಿಲಾಚೆ ಕೂರಿಸಿಬಿಟ್ರಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ಫೋನನ್ನು ನನ್ನ ಮುಖದ ಹತ್ತಿರ ಹಿಡಿದರು. ಪಟ್ಟಿಯ ಮೇಲ್ತುದಿಯಲ್ಲಿ ಪಂಜಿನ ಮನೆ ಇತ್ತು, ತೀರ ಕೆಳಗೆ ಪಟೇಲರ ಮನೆ.

"ಮೊಮ್ಮಗಳು ತೋರಿಸಿದ್ಲು. ತಾತ, ನಾವು ಲಾಸ್ಟು ಅಂತ ನಗ್ತಾವ್ಳೆ. ಬೆರಳಲ್ಲಿ ಎಷ್ಟು ತಳ್ಳಿದ್ರೂ ನಮ್ಮನೆ ಸಿಗಾಕಿಲ್ಲ ಕಣ್ರೀ. ತಳ್ತಾನೇ ಇರಬೇಕು."

"ತಪ್ಪಾಗಿದೆ ಯಜಮಾನರೇ. ಸರಿ ಮಾಡಿಸ್ತೀನಿ."

"ಅದು ಮಾಡಿಸಿ. ಈಗ ಇನ್ನೊಂದು ಕೇಳ್ತೀನಿ. ಪಂಜಿನ ಮನೆ ಯಾಕೆ ಅಲ್ಲೈತೆ? ಕರೆಂಟ್ ಬಂದ್ಮೇಲೆ ಸೇವೆ ನಿಂತೈತೆ ಅಂತ ನೀವೇ ಬರ್ದಿದೀರಿ. ಸೇವೆ ಇಲ್ದೆ ತಾಂಬೂಲ ಯಾಕೆ? ಎಂಟು ಮನೆ ಸಾಕು. ಭಾನುವಾರ ಸಮಿತಿ ಸಭೇಲಿ ಹೇಳ್ತೀನಿ. ನಿಮ್ಮ ಬರಹನೇ ಸಾಕ್ಷಿ ನಂಗೆ."

ಕಾಫಿ ಕುಡಿದು ಹೋದರು. ನಾನು ಆ ಮಾತಿಗೆ ಉತ್ತರ ಕೊಡಲಿಲ್ಲ. ಕ್ರಮ ತಪ್ಪಿಸಿದ ಅಪರಾಧ ನನ್ನ ಮೇಲಿದ್ದಾಗ ಇನ್ನೊಂದು ಮನೆಯ ಪರವಾಗಿ ಮಾತನಾಡುವ ಅಧಿಕಾರ ನನಗಿಲ್ಲವೆಂದು ಆಗ ತೋರಿತು. ಹಾಗೆ ತೋರಿದ್ದು ಅನುಕೂಲವೂ ಆಗಿತ್ತು.

ಸಂಜೆ ವಿದ್ಯಾರ್ಥಿನಿಗೆ ಫೋನು ಮಾಡಿದೆ.

"ಯಾವ ಮನೆ ಮೊದಲು ಹಾಕಿದ್ರಿ ಮೇಷ್ಟ್ರೇ?"

"ಮೊದಲನೇ ಮನೆಯನ್ನೇ ಮೊದಲು."

ಆಕೆ ಸ್ವಲ್ಪ ಹೊತ್ತು ನಕ್ಕಳು. "ಅದಕ್ಕೇ ಹೀಗಾಗಿದೆ. ಇದು ಹೊಸದನ್ನ ಮೇಲಿಡತ್ತೆ. ಮೊದಲು ಇದನ್ನ ಮಾಡಿದ್ದು ದಿನಚರಿ, ಸುದ್ದಿ ಬರೆಯೋರಿಗೆ. ನಿನ್ನೆದಕ್ಕಿಂತ ಇವತ್ತಿಂದು ಮುಖ್ಯ ಅನ್ನೋದು ಇದರ ಸ್ವಭಾವ. ನೀವು ಬಿಟ್ರೆ ಇನ್ಯಾರೂ ಇದಕ್ಕೆ ಮರ್ಯಾದೆ ಕ್ರಮದಲ್ಲಿ ಅಕ್ಷರ ಉಣಿಸಿರಲ್ಲ."

ಪೂರ್ವಾಚಾರ್ಯರನ್ನು ಮೊದಲು ನೆನೆದು ತನ್ನನ್ನು ಕಡೆಗೆ ಇಟ್ಟುಕೊಳ್ಳುವ ಶಿಕ್ಷಣ ನನ್ನದು. ಯಂತ್ರಕ್ಕೆ ಅದನ್ನು ಯಾರೂ ಹೇಳಿರಲಿಲ್ಲ. ಒಂಬತ್ತು ಪುಟಗಳನ್ನೂ ಅಳಿಸಿ ತಲೆಕೆಳಗಾಗಿ ಮತ್ತೆ ಬರೆಯಬೇಕೇ ಎಂದು ಕೇಳಿದೆ.

"ಒಂದಕ್ಷರ ಮುಟ್ಟಬೇಡಿ. ಪ್ರತಿ ಮನೆಗೂ ಒಂದು ಅಂಕಿ ಕೊಡೋಣ. ಅಂಕಿ ನೋಡಿ ಜೋಡಿಸು ಅಂತ ಅಚ್ಚಿನಲ್ಲಿ ಒಂದು ಸಾಲು ಹೇಳ್ತೀನಿ. ಮುಗೀತು."

ಮರುದಿನ ಬೆಳಗ್ಗೆ ಪೂಜೆ ಮುಗಿಸಿ ಎದ್ದಾಗ ಪಟ್ಟಿ ಸರಿಯಾಗಿತ್ತು.

ಗುರುವಾರ ಮಧ್ಯಾಹ್ನ ಪಂಜಿನ ಮನೆಯ ಹೆಣ್ಣುಮಗಳು ಬಂದಳು. ಹಳೇಬೀಡಿನ ಬಸ್ ನಿಲ್ದಾಣದ ಹತ್ತಿರ ರವಿಕೆ ಹೊಲಿಯುವ ಅಂಗಡಿ ಅವಳದು. ನಲವತ್ತರ ಆಸುಪಾಸಿನವಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಅಂಗಡಿಯಿಂದ ನೇರವಾಗಿ ಬಸ್ಸು ಹತ್ತಿದ್ದಳೆಂದು ಕಾಣುತ್ತದೆ.

"ಮೂರು ನಾಕು ದಿನ ಮೇಲಿದ್ವಿ ಸಾರ್," ಎಂದಳು. "ಅಂಗಡಿಗೆ ಬಂದೋರಿಗೆಲ್ಲ ತೋರಿಸಿದೆ. ಈಗ ಕೆಳಗಿಳಿಸಿದೀರಿ, ಅದೇ ಸರಿ. ನಮ್ಮ ಜಾಗ ಅದೇ. ಅದಕ್ಕೆ ಬಂದಿಲ್ಲ ನಾನು."

"ಮತ್ತೆ ಏನಮ್ಮ?"

"ಸೇವೆ ನಿಂತಿದೆ ಅಂತ ಬರ್ದಿದೀರಲ್ಲ. ಯಾರು ನಿಲ್ಸಿದ್ದು?"

ನಾನು ವಿದ್ಯುದ್ದೀಪದ ಮಾತು ಹೇಳಿದೆ.

"ಹೋದ ವರ್ಷ ಹಿಡ್ದಿದ್ದು ನಾನೇ. ಅದರ ಹಿಂದಿನ ವರ್ಷನೂ ನಾನೇ. ಅಪ್ಪನ ಭುಜ ಸೋತಾಗಿಂದ ನಾನೇ ಹಿಡೀತಿರೋದು. ಲೈಟೆಲ್ಲ ಗುಡಿ ಮುಂದೈತೆ ಸಾರ್. ಹಿಂದುಗಡೆ ಏನೈತೆ? ದೇವರು ಆ ಕಡೆಯಿಂದ ಬರೋವಾಗ ಬೆಳಕು ಯಾರದು ಅಂದ್ಕೊಂಡಿದ್ರಿ?"

ಆ ಹೊತ್ತಿಗೆ ನಾನು ಒಳಗೆ ರುದ್ರ ಪಠಿಸುತ್ತಿರುತ್ತೇನೆಂದೆ.

"ನೀವು ಒಳಗೆ ಕೂತು ಮಂತ್ರ ಹೇಳ್ತಿರ್ತೀರಿ. ದೊಡ್ಡ ಮನೆಯೋರು ಮುಂದೆ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಹಿಂದಕ್ಕೆ ಬಂದು ನೋಡಿದೋರು ಯಾರು?" ಟೇಪನ್ನು ಕೊರಳಿಂದ ತೆಗೆದು ಕೈಗೆ ಸುತ್ತಿಕೊಂಡಳು. "ಭಾನುವಾರ ಹೆಸರು ತೆಗೀತಾರಂತೆ. ಕಾಯಿಗೆ ಬಂದಿಲ್ಲ ಸಾರ್ ನಾನು, ಕಾಯಿ ಅಂಗಡೀಲಿ ಸಿಗ್ತದೆ. ಬಾಗಿಲಲ್ಲಿ ನಿಂತು ನಮ್ಮನೆ ಹೆಸರು ಕರೀತಾರಲ್ಲ, ಅದು ನಿಲ್ಲಬಾರದು. ವರ್ಷಕ್ಕೆ ಒಂದ್ಸಲ ಕರೀತಾರೆ, ಅಷ್ಟೇ."

ಅವಳು ಹೋದ ಮೇಲೆ ಒಂಬತ್ತನೆಯ ಪುಟವನ್ನು ತೆರೆದು ಎರಡನೆಯ ವಾಕ್ಯವನ್ನು ಅಳಿಸಿದೆ. "ಇಂದಿಗೂ ಪ್ರದಕ್ಷಿಣೆಯಲ್ಲಿ ಗುಡಿಯ ಹಿಂಭಾಗಕ್ಕೆ ಇವರ ಪಂಜೇ ಬೆಳಕು" ಎಂದು ಬರೆದು ಪ್ರಕಟಿಸಿದೆ. ನಿಮಿಷಾರ್ಧದ ಕೆಲಸ. ಅರಸೀಕೆರೆಗೆ ಹೋಗಬೇಕಾಗಲಿಲ್ಲ, ಯಾರನ್ನೂ ಬೇಡಬೇಕಾಗಲಿಲ್ಲ, ಯಾರಿಗೂ ತಿಳಿಸಬೇಕಾಗಲೂ ಇಲ್ಲ. ಇಷ್ಟರಿಂದ ತಪ್ಪು ಮುಗಿಯಿತೆಂದು ನಾನು ಭಾವಿಸಿದೆ.

ಭಾನುವಾರ ಮುಖಮಂಟಪದಲ್ಲಿ ಒಂಬತ್ತು ಮನೆಯವರೂ ಸೇರಿದರು. ಜಾಲತಾಣವನ್ನು ಎಲ್ಲರಿಗೂ ತೋರಿಸಲೆಂದು ನನ್ನ ವಿದ್ಯಾರ್ಥಿನಿಯೂ ಬಂದಿದ್ದಳು. ಪಂಜಿನ ಮನೆಯವಳು ಕಂಬದ ಪಕ್ಕದಲ್ಲಿ ಕುಳಿತಿದ್ದಳು. ಯಜಮಾನರು ಜೇಬಿನಿಂದ ಒಂದು ಹಾಳೆ ತೆಗೆದರು. ನನ್ನ ಹಳೆಯ ಪುಟವನ್ನು ಮೊದಲೇ ಮುದ್ರಿಸಿ ತರಿಸಿಕೊಂಡಿದ್ದರು. ಅದನ್ನು ನಿಧಾನವಾಗಿ ಓದಿ, "ಇದು ಮೇಷ್ಟ್ರು ಬರ್ದಿರೋದು, ನಾನಲ್ಲ," ಎಂದರು.

"ಅದು ತಪ್ಪು, ಈಗ ಬದಲಾಗಿದೆ," ಎಂದೆ.

"ಯಾವತ್ತು ಬದಲಾಯ್ತು?"

ನಾನು ಉತ್ತರಿಸುವ ಮೊದಲೇ ವಿದ್ಯಾರ್ಥಿನಿ ಲ್ಯಾಪ್‌ಟಾಪನ್ನು ಅವರ ಕಡೆಗೆ ತಿರುಗಿಸಿದಳು. ಈ ವ್ಯವಸ್ಥೆಯಲ್ಲಿ ಅಳಿಸಿದ್ದು ಅಳಿಯುವುದಿಲ್ಲ. ಪ್ರತಿ ತಿದ್ದುಪಡಿಯ ಹಿಂದಿನ ಪಾಠವನ್ನೂ ಅದು ಕಾದಿಡುತ್ತದೆ. ಎಡಗಡೆ ಹಳೆಯ ವಾಕ್ಯ, ಬಲಗಡೆ ಹೊಸದು, ಮೇಲೆ ನನ್ನ ಹೆಸರು, ಗುರುವಾರ ಮಧ್ಯಾಹ್ನದ ವೇಳೆ. ಹಸ್ತಪ್ರತಿಯಲ್ಲಿ ಲಿಪಿಕಾರ ಹೊಡೆದುಹಾಕಿದ ಅಕ್ಷರವನ್ನು ಬೆಳಕಿಗೆ ಹಿಡಿದು ಓದಿದವನು ನಾನು. ನನ್ನದನ್ನೇ ಇನ್ನೊಬ್ಬರು ಹಾಗೆ ಓದುವುದನ್ನು ನೋಡಿದ್ದು ಅಂದೇ.

"ನಾನು ಸೋಮವಾರ ಮಾತಾಡ್ದೆ," ಎಂದರು ಯಜಮಾನರು. "ನೀವು ಗುರುವಾರ ತಿದ್ದಿದ್ರಿ. ಮಧ್ಯದಲ್ಲಿ ಯಾರ್ ಬಂದಿದ್ರು ಮನೆಗೆ?"

ಪಂಜಿನ ಮನೆಯವಳು ನೆಲವನ್ನು ನೋಡುತ್ತಿದ್ದಳು. ನಾನು ಎದ್ದು ನಿಂತು ಇದ್ದದ್ದನ್ನು ಹೇಳಿದೆ. ಅವಳು ಬಂದಿದ್ದು ನಿಜ. ಅವಳು ಹೇಳುವವರೆಗೆ ನನಗೆ ತಿಳಿದಿರಲಿಲ್ಲವೆಂಬುದೂ ನಿಜ. ದೀಪೋತ್ಸವದಲ್ಲಿ ಇಷ್ಟು ವರ್ಷ ನಾನು ಒಳಗೆ ಕುಳಿತಿದ್ದೇನೆ, ಒಮ್ಮೆಯೂ ಗುಡಿಯ ಹಿಂದಕ್ಕೆ ಹೋಗಿಲ್ಲ. ಕಾಣದ್ದನ್ನು ಕಂಡವನಂತೆ ಬರೆದೆ. ತಪ್ಪು ಆ ಮನೆಯದಲ್ಲ, ನನ್ನದು. ಆ ಬರಹವನ್ನು ಸಾಕ್ಷಿಯಾಗಿ ಎಣಿಸಬಾರದು.

ಪಲ್ಲಕ್ಕಿ ಹೊರುವ ಮನೆಯವರು ಕೆಮ್ಮಿದರು. "ಹಿಡೀತೈತೆ ಆಯಮ್ಮ. ಪ್ರತಿವರ್ಷ ಹಿಡೀತೈತೆ. ಇಲ್ದಿದ್ರೆ ಹಿಂದ್ಗಡೆ ಮೆಟ್ಲಲ್ಲಿ ದೇವರ ಸಮೇತ ಮುಗ್ಗರಿಸ್ತಿದ್ವಿ ನಾವು."

"ಮೊದ್ಲೇ ಬೊಗಳೋಕೇನಾಗಿತ್ಲಾ ನಿಂಗೆ?" ಎಂದರು ಯಜಮಾನರು.

"ಮೇಷ್ಟ್ರೇ ಬರ್ದವ್ರೆ ಅಂದ್ಮೇಲೆ ನಾವೇನ್ ಹೇಳೋದು ಗೌಡ್ರೇ."

ಈ ಮಾತು ನನಗೆ ಯಜಮಾನರ ಮಾತಿಗಿಂತ ಭಾರವಾಗಿ ಕೇಳಿಸಿತು. ಯಜಮಾನರು ಹಾಳೆಯನ್ನು ಮಡಿಸಿ ಮತ್ತೆ ಜೇಬಿಗೆ ಇಟ್ಟುಕೊಂಡರು. "ನೋಡಾನ. ಈ ಸಲ ನಾನೇ ಹಿಂದಕ್ಕೆ ಬತ್ತೀನಿ. ಕಣ್ಣಾರೆ ಕಂಡ್ರೆ ಒಂಬತ್ತೇ ಇರ್ಲಿ. ಕಾಣ್ದಿದ್ರೆ ಎಂಟು." ಸಭೆ ಅಲ್ಲಿಗೆ ಮುಗಿಯಿತು.

ದೀಪೋತ್ಸವಕ್ಕೆ ಇನ್ನೂ ಐದು ವಾರವಿತ್ತು. ಆ ನಡುವೆ ವಿದ್ಯಾರ್ಥಿನಿ ಒಂದು ಉಪಾಯ ಹೇಳಿದಳು: ಪ್ರತಿ ಮನೆಯವರೂ ತಮ್ಮ ಸೇವೆಯನ್ನು ತಾವೇ ಬರೆಯಲಿ, ಅದು ನನ್ನ ಪರಿಶೀಲನೆಗೆ ಬಂದು ನಿಲ್ಲಲಿ, ನಾನು ಓದಿ ಪ್ರಕಟಿಸಲಿ. ಒಂಬತ್ತು ಮನೆಗೂ ಬರೆಯುವ ಅಧಿಕಾರ ಕೊಟ್ಟಳು. ಎಣ್ಣೆಯ ಮನೆಯವರು ಗಾಣದ ಚಿತ್ರ ಕಳಿಸಿದರು, ಮಾತು ಕಳಿಸಲಿಲ್ಲ. ಯಜಮಾನರ ಮೊಮ್ಮಗಳು ತೋಟದ ಬಗ್ಗೆ ಉದ್ದವಾಗಿ ಬರೆದಳು. ವಂಶದ ಹೊಗಳಿಕೆಯನ್ನು ಅರ್ಧಕ್ಕೆ ಇಳಿಸಿದೆ. ಪಂಜಿನ ಮನೆಯಿಂದ ಬಂದದ್ದು ಆರು ಸಾಲು: ಹಳೆಯ ಹತ್ತಿ ಸೀರೆಯನ್ನೇ ಏಕೆ ಸುತ್ತಬೇಕು, ಹೊಸ ಬಟ್ಟೆ ಏಕೆ ಬೇಗ ಉರಿದುಹೋಗುತ್ತದೆ, ಎಣ್ಣೆಯನ್ನು ಎಷ್ಟು ಹೆಜ್ಜೆಗೊಮ್ಮೆ ಬಿಡಬೇಕು. ನಾನು ಒಂದಕ್ಷರವನ್ನೂ ತಿದ್ದಲಿಲ್ಲ. ತಿದ್ದುವಷ್ಟು ನನಗೆ ಗೊತ್ತಿರಲಿಲ್ಲ.

ದೀಪೋತ್ಸವದ ಸಂಜೆ ರುದ್ರಪಠನವನ್ನು ಅರ್ಚಕರ ತಮ್ಮನಿಗೆ ಒಪ್ಪಿಸಿ, ಸ್ವಾಮಿಯ ಅಪ್ಪಣೆ ಬೇಡಿ ಹೊರಗೆ ಬಂದೆ. ಯಜಮಾನರು ಊರುಗೋಲು ಹಿಡಿದು ಆಗಲೇ ಕಾಯುತ್ತಿದ್ದರು. ಪಲ್ಲಕ್ಕಿ ಎದ್ದಿತು. ಮುಂಭಾಗದಲ್ಲಿ ಹಗಲಿನಷ್ಟು ಬೆಳಕು. ಬಲಕ್ಕೆ ತಿರುಗಿ ಗುಡಿಯ ಬೆನ್ನಿಗೆ ಬಂದೊಡನೆ ಏನೂ ಕಾಣದಾಯಿತು. ಅಲ್ಲಿ ಮೂರು ಮೆಟ್ಟಿಲು ಇಳಿಯಬೇಕು, ಒಂದು ಮುರಿದಿದೆ. ಅವಳು ಪಂಜನ್ನು ತಗ್ಗಿಸಿ ಮೊದಲು ಮೆಟ್ಟಿಲಿಗೆ ಬೆಳಕು ತೋರಿಸಿದಳು, ಆಮೇಲೆ ಎತ್ತಿ ಸ್ವಾಮಿಗೆ ತೋರಿಸಿದಳು. ಗೋಡೆಯ ತಳದ ಆನೆಗಳ ಸಾಲು ಒಮ್ಮೆ ಮೂಡಿ ಮರೆಯಾಯಿತು. ಯಜಮಾನರು ನನ್ನ ತೋಳನ್ನು ಹಿಡಿದು ಇಳಿದರು.

"ಇಷ್ಟು ಕತ್ತಲೈತಾ ಇಲ್ಲಿ," ಎಂದರು. ನಾಲ್ಕು ಹೆಜ್ಜೆಯ ಮೇಲೆ, "ಹೊಗೆ ಕಣ್ಣಿಗೆ ಬತ್ತದೆ, ಆ ಕಡೆ ಹಿಡಿಯಮ್ಮ," ಎಂದರು.

ಸ್ವಾಮಿ ಒಳಗೆ ಬಿಜಯಮಾಡಿದ ಮೇಲೆ ಅರ್ಚಕರು ಬಾಗಿಲಿಗೆ ಬಂದರು. ಕರೆಯುವ ಮೊದಲು ಅಧ್ಯಕ್ಷರ ಮುಖ ನೋಡಿದರು. ಯಜಮಾನರು ತಲೆಯಾಡಿಸಿದರು. ಮೊದಲ ತಾಂಬೂಲವನ್ನು ಪಡೆದು ಬಂದು ಮೆಟ್ಟಿಲ ಬದಿಯಲ್ಲಿ ನಿಂತರು. ಎರಡು, ಮೂರು, ಎಂಟರವರೆಗೆ ಕರೆದದ್ದಾಯಿತು. ಒಂಬತ್ತನೆಯ ಮನೆಯನ್ನು ಕರೆದಾಗ ಅವಳ ಕೈಯಲ್ಲಿ ಪಂಜು ಇನ್ನೂ ಉರಿಯುತ್ತಿತ್ತು. ತಾಂಬೂಲಕ್ಕೆ ಎರಡು ಕೈಯೂ ಬೇಕು. ಹಿಂದಿನ ವರ್ಷಗಳಲ್ಲಿ ಅದನ್ನು ಯಾರ ಕೈಗೆ ಕೊಡುತ್ತಿದ್ದಳೋ ನನಗೆ ತಿಳಿಯದು. ಅಂದು ಹತ್ತಿರದಲ್ಲಿ ನಿಂತಿದ್ದವರು ಯಜಮಾನರು. ಅವರು ತಮ್ಮ ಕಾಯಿಯನ್ನು ಎಡಗೈಯ ಸಂದಿಗೆ ಸೇರಿಸಿ, ಊರುಗೋಲನ್ನು ನನಗೆ ದಾಟಿಸಿ, ಬಲಗೈ ಚಾಚಿದರು.

"ಬೇಗ ಇಸ್ಕೊಂಡು ಬಾ," ಎಂದರು. "ಎಣ್ಣೆ ತೊಟ್ಟಿಕ್ತೈತೆ, ಪಂಚೆ ಹೊಸದು."